ಹಳೆಯ ಪ್ರವಾಸಿ ಟ್ರೇಲರ್‌ಗೆ ಹೊಸ ಟೈರು: 6.00-16 ಅಳತೆಯಲ್ಲಿ ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ತುಮಕೂರು, ಶಿರಾ ಗೇಟ್

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ ಹರಾಜಿನಲ್ಲಿ ಒಂದು ಜೀಪ್ ಟ್ರೇಲರ್ ಕೊಂಡು, ಅದರ ಮೇಲೆ ಪ್ಲೈವುಡ್ ಮತ್ತು ತಗಡಿನಿಂದ ಇಬ್ಬರು ಮಲಗುವಷ್ಟು ಅಗಲದ ಪುಟ್ಟ ಮನೆಯೊಂದನ್ನು ಕಟ್ಟಿಸಿದ್ದರು. ಒಳಗೆ ಮಡಚುವ ಎರಡು ಹಲಗೆಗಳು, ಸ್ಟೌ ಇಡಲು ಒಂದು ಗೂಡು, 40 ಲೀಟರಿನ ನೀರಿನ ಡ್ರಮ್ಮು, ಅಷ್ಟೇ. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ, ಬೇಸಿಗೆ ರಜೆಯಲ್ಲಿ ಮಾರ್ಕೋನಹಳ್ಳಿ ಜಲಾಶಯ, ಒಮ್ಮೆ ಬೇಲೂರು, ಹಳೇಬೀಡು ಎಂದು ನಮ್ಮ ಬಾಲ್ಯದ ಪ್ರವಾಸಗಳೆಲ್ಲ ಆ ಗಾಡಿಯಲ್ಲೇ ನಡೆದವು. ತಂದೆಯವರು ತೀರಿಕೊಂಡ ಮೇಲೆ ಅದು ಹಿತ್ತಲಿನ ಬೇವಿನ ಮರದ ಕೆಳಗೆ ನಿಂತೇ ಇದೆ. ಈ ವರ್ಷ ತಾಯಿಯವರಿಗೆ 75 ತುಂಬುತ್ತದೆ. ದೇವರಾಯನದುರ್ಗದ ಜಾತ್ರೆಗೆ ಅದನ್ನು ಜೀಪಿಗೆ ಕಟ್ಟಿಕೊಂಡು ಹೋಗಿ, ಬೆಟ್ಟದ ಬುಡದಲ್ಲಿ ಒಂದು ರಾತ್ರಿ ತಂಗಬೇಕೆಂಬುದು ಅವರ ಆಸೆ.

ಚೌಕಟ್ಟು, ಅಚ್ಚು, ಕೊಕ್ಕೆ ಎಲ್ಲವನ್ನೂ ತೋರಿಸಿದ್ದೇನೆ, ಗಟ್ಟಿಯಾಗಿವೆ. ಉಳಿದಿರುವುದು ಟೈರಿನ ಪ್ರಶ್ನೆ. ಈಗಿರುವವು 6.00-16 ಅಳತೆಯ ನೈಲಾನ್ ಟೈರುಗಳು. ಹೆಚ್ಚು ಓಡದ ಕಾರಣ ಗ್ರಿಪ್ಪು ಚೆನ್ನಾಗಿಯೇ ಇದೆ, ಆದರೆ ಪಕ್ಕದ ಗೋಡೆಯ ಮೇಲೆ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದೆ. ನಾನು ಮೂರು ಅಂಗಡಿಗಳಲ್ಲಿ ವಿಚಾರಿಸಿದೆ, ಮೂವರೂ ಮೂರು ಬಗೆಯಾಗಿ ಹೇಳಿದರು. ಒಬ್ಬರು ಟ್ರ್ಯಾಕ್ಟರಿನ ಮುಂದಿನ ಟೈರು ಇದೇ ಅಳತೆಯದು, ಅದನ್ನೇ ಹಾಕಿ ಎಂದರು. ಇನ್ನೊಬ್ಬರು ಹಳೆಯದಕ್ಕೇ ರಿಸೋಲ್ ಮಾಡಿಸಿ, ಅಂದರೆ ಮೇಲೆ ಹೊಸ ಗ್ರಿಪ್ಪು ಹಾಕಿಸಿ, ಎಂದರು. ಮೂರನೆಯವರು ಬೊಲೆರೊ ಚಕ್ರಗಳನ್ನೇ ಕೂರಿಸಿಬಿಡಿ ಎಂದರು. ಅಮೆರಿಕದಲ್ಲಿರುವ ತಮ್ಮನ ಮಗ, ಅಲ್ಲಿ ಟ್ರೇಲರ್‌ಗೆಂದೇ ಎಸ್‌ಟಿ (ಸ್ಪೆಷಲ್ ಟ್ರೇಲರ್) ಎಂಬ ಬೇರೆ ಟೈರು ಸಿಗುತ್ತದೆ, ಅದನ್ನು ತರಿಸಿಕೊಳ್ಳಿ ಎನ್ನುತ್ತಾನೆ. ಹಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ತಾಯಿಯವರನ್ನು ಕೂರಿಸಿಕೊಂಡ ಜೀಪಿನ ಹಿಂದೆ ಬರುವ ಗಾಡಿ ಇದು. ತಿಳಿದವರು ದಯವಿಟ್ಟು ಹೇಳಿ.

ತಿಪಟೂರಿನಿಂದ

ಮೊದಲು ಟೈರಿನ ಪಕ್ಕದ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಲ್ಲಿ ಒಟ್ಟಿಗೆ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಹುಡುಕಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಆಗ ಬೇರೆ ಯಾವ ಚರ್ಚೆಯೂ ಬೇಡ.

ಗ್ರಿಪ್ಪು ಇದೆ ಎಂಬುದು ಟ್ರೇಲರ್ ವಿಷಯದಲ್ಲಿ ಸಮಾಧಾನದ ಮಾತಲ್ಲ. ಕಾರಿನ ಟೈರು ಸವೆದು ಸಾಯುತ್ತದೆ, ಟ್ರೇಲರ್ ಟೈರು ನಿಂತು ಸಾಯುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರನ್ನು ಸೀಳದಂತೆ ತಡೆಯಲು ಕಾರ್ಖಾನೆಯಲ್ಲೇ ಅದಕ್ಕೆ ಮೇಣದಂಥ ರಕ್ಷಕ ವಸ್ತುಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳುವಾಗ ಟೈರು ಮಣಿದು ನೆಟ್ಟಗಾಗುತ್ತಾ ಇರುವುದರಿಂದ ಆ ಮೇಣ ಒಳಗಿನಿಂದ ಜಿನುಗಿ ಹೊರಮೈಗೆ ಬರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ಕೆಲಸವೇ ನಡೆಯುವುದಿಲ್ಲ, ಮೈ ಒಣಗಿ ಬಿರಿಯುತ್ತದೆ. ಬಹಳಷ್ಟು ವಾಹನ ತಯಾರಕರು 6 ವರ್ಷಕ್ಕೆ ಬದಲಾಯಿಸಿ ಎನ್ನುತ್ತಾರೆ. ಟೈರು ತಯಾರಕರ ಮಾತಿನಲ್ಲಿಯೂ 10 ವರ್ಷವೇ ಕೊನೆಯ ಗಡಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನೆಂಟರ ಮದುವೆಗೆಂದು ಅಡಿಗೆಯ ಪಾತ್ರೆಗಳನ್ನು ಹೇರಿಕೊಂಡು ತುಮಕೂರಿಗೆ ಹೊರಟಿದ್ದೆ. ಕೆ.ಬಿ. ಕ್ರಾಸ್ ದಾಟಿ ನಿಟ್ಟೂರಿನ ಕಡೆಗೆ ಬರುತ್ತಿದ್ದಾಗ ಟ್ರೇಲರ್‌ನ ಬಲಗಡೆಯ ಟೈರು ಸಿಡಿಯಿತು. ನೋಡಲು ಹೊಸದರಂತೆಯೇ ಇದ್ದ 11 ವರ್ಷದ ಟೈರು ಅದು. ಸಿಡಿದ ರಬ್ಬರಿನ ಪಟ್ಟಿ ಮಡ್‌ಗಾರ್ಡನ್ನು ಕಿತ್ತು, ಗಾಡಿ ಜೀಪನ್ನು ಎಡಕ್ಕೂ ಬಲಕ್ಕೂ ಎಳೆದಾಡಿತು. ಎದುರಿಗೆ ಬಸ್ಸು ಬರುತ್ತಿರಲಿಲ್ಲ, ಅದಕ್ಕೇ ಈ ಮಾತು ಬರೆಯಲು ಉಳಿದಿದ್ದೇನೆ.

ಪಾವಗಡದಿಂದ

ಮೇಲಿನವರ ಆತಂಕ ಅರ್ಥವಾಗುತ್ತದೆ. ಆದರೂ ರಿಸೋಲ್ ಎಂದ ತಕ್ಷಣ ತಳ್ಳಿಹಾಕುವುದು ಸರಿಯಲ್ಲ. ನಮ್ಮ ಮನೆಯಲ್ಲಿ ಎರಡು ಲಾರಿಗಳಿವೆ, ಒಳ್ಳೆಯ ಕೇಸಿಂಗಿಗೆ, ಅಂದರೆ ಗ್ರಿಪ್ಪಿನ ಕೆಳಗಿನ ಟೈರಿನ ಒಡಲಿಗೆ, ಎರಡು ಸಲ ರಿಸೋಲ್ ಮಾಡಿಸಿ ಓಡಿಸಿದ್ದೇವೆ. ಈ ಗಾಡಿ ವರ್ಷಕ್ಕೆ ಓಡುವುದು ನಾನೂರು, ಐನೂರು ಕಿಲೋಮೀಟರ್ ಇರಬಹುದು. ಅದಕ್ಕೆ ಹೊಸ ಟೈರಿನ ಖರ್ಚು ಬೇಕೇ ಎಂದು ಒಮ್ಮೆ ಯೋಚಿಸಿ.

ತಿಪಟೂರಿನಿಂದ

ಲಾರಿಯ ವಿಷಯದಲ್ಲಿ ತಾವು ಹೇಳುವುದು ನಿಜ. ಅಲ್ಲಿ ಟೈರು ಒಂದೆರಡು ವರ್ಷದಲ್ಲೇ ಸವೆಯುತ್ತದೆ, ಕೇಸಿಂಗು ಇನ್ನೂ ಎಳೆಯದಾಗಿರುತ್ತದೆ. ಇಲ್ಲಿ ನಡೆದಿರುವುದು ಅದರ ತಿರುಗುಮುರುಗು: ಮೇಲಿನ ಗ್ರಿಪ್ಪು ಉಳಿದಿದೆ, ಒಳಗಿನ ಕೇಸಿಂಗು ಸತ್ತಿದೆ. ರಿಸೋಲ್ ಮಾಡುವುದು ಗ್ರಿಪ್ಪನ್ನು ಮಾತ್ರ. ಬಿರುಕು ಬಿಟ್ಟ ಗೋಡೆಗೆ ಅದರಿಂದ ಯಾವ ಬಲವೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಒರೆಸಿ ನೋಡಿದೆ. ಎರಡರ ಮೇಲೂ 1408 ಎಂದಿದೆ, ಅಂದರೆ 2008. ಒಂದು ಬಿರುಕಿನಲ್ಲಿ ಕೆಂಪು ಮಣ್ಣು ತುಂಬಿಕೊಂಡಿತ್ತು. ಅದನ್ನು ಕಡ್ಡಿಯಿಂದ ತೆಗೆದಾಗ ನನ್ನ ಉಗುರು ಪೂರ್ತಿ ಒಳಗೆ ಹೋಯಿತು. ತಳದಲ್ಲಿ ಹುಣಸೆಹಣ್ಣಿನ ನಾರಿನಂತೆ ದಾರದ ಎಳೆಗಳು ಕಂಡವು. ರಿಸೋಲ್ ಮಾಡಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮಧುಗಿರಿಯಿಂದ

ಟೈರಿನ ಅಂಗಡಿಗೆ ಹೋಗುವ ಮೊದಲು ವೇ ಬ್ರಿಡ್ಜಿಗೆ, ಅಂದರೆ ಲಾರಿ ತೂಗುವ ತಟ್ಟೆಗೆ, ಹೋಗಿ. ಎಷ್ಟು ಭಾರ ಹೊರಬೇಕೆಂದು ತಿಳಿಯದೆ ಟೈರು ಆರಿಸುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತೆ. ಪ್ರವಾಸಕ್ಕೆ ಹೊರಡುವಾಗ ಏನೇನು ಇರುತ್ತದೋ ಅದೆಲ್ಲವನ್ನೂ, ತುಂಬಿದ ನೀರಿನ ಡ್ರಮ್ಮು, ಹಾಸಿಗೆ, ಪಾತ್ರೆ, ಸ್ಟೆಪ್ನಿ ಸಮೇತ ತುಂಬಿಸಿ. ಮೊದಲು ಟ್ರೇಲರನ್ನು ಜೀಪಿನಿಂದ ಬಿಡಿಸಿ ಒಂಟಿಯಾಗಿ ತೂಗಿಸಿ. ಆಮೇಲೆ ಜೀಪಿಗೆ ಕಟ್ಟಿ, ಟ್ರೇಲರ್‌ನ ಚಕ್ರಗಳು ಮಾತ್ರ ತಟ್ಟೆಯ ಮೇಲೆ ನಿಲ್ಲುವಂತೆ ತೂಗಿಸಿ. ಎರಡರ ನಡುವಿನ ವ್ಯತ್ಯಾಸವೇ ಕೊಕ್ಕೆಯ ಮೇಲೆ ಬೀಳುವ ಭಾರ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಷ್ಟು ಅಲ್ಲಿದ್ದರೆ ಗಾಡಿ ಬಾಲ ಅಲ್ಲಾಡಿಸದೆ ನೆಟ್ಟಗೆ ಬರುತ್ತದೆ.

ಕೊನೆಗೆ ಒಂದೇ ಚಕ್ರ ತಟ್ಟೆಯ ಮೇಲೆ ಬರುವಂತೆ ಓರೆಯಾಗಿ ನಿಲ್ಲಿಸಿ, ಎಡ ಬಲ ಬೇರೆ ಬೇರೆಯಾಗಿ ತೂಗಿಸಿ. ಇದನ್ನು ಯಾರೂ ಮಾಡುವುದಿಲ್ಲ, ಬೇಕಾಗಿರುವುದು ಇದೇ. ಲಾರಿಯ ಬ್ರಿಡ್ಜು ಹತ್ತು ಕಿಲೋ ಹೆಚ್ಚು ಕಡಿಮೆ ತೋರಿಸಬಹುದು, ಎರಡೆರಡು ಸಲ ತೂಗಿಸಿದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು

ಅಂತರಸನಹಳ್ಳಿಯ ಹತ್ತಿರದ ಬ್ರಿಡ್ಜಿನಲ್ಲಿ ಬೆಳಿಗ್ಗೆ ಏಳಕ್ಕೆ, ತರಕಾರಿ ಗಾಡಿಗಳ ಸಾಲು ಕರಗಿದ ಮೇಲೆ ತೂಗಿಸಿದೆ. ಒಂಟಿಯಾಗಿ 540 ಕಿಲೋ. ಜೀಪಿಗೆ ಕಟ್ಟಿದಾಗ ಚಕ್ರಗಳ ಮೇಲೆ 490, ಅಂದರೆ ಕೊಕ್ಕೆಯ ಮೇಲೆ 50. ಎಡ ಚಕ್ರ 275, ಬಲ ಚಕ್ರ 215. ಎಡಗಡೆಗೆ 60 ಕಿಲೋ ಹೆಚ್ಚು ಎಂದು ನೋಡಿ ಆಶ್ಚರ್ಯವಾಯಿತು. ನೀರಿನ ಡ್ರಮ್ಮು, ಸ್ಟೌ, ಪಾತ್ರೆಯ ಪೆಟ್ಟಿಗೆ ಮೂರೂ ಎಡಗಡೆಗೇ ಇವೆ. ಇಷ್ಟು ವರ್ಷ ಎಡಗಡೆಯ ಟೈರೇ ಬೇಗ ಹಾಳಾಗುತ್ತಿದ್ದುದಕ್ಕೆ ತಂದೆಯವರು ರಸ್ತೆಯ ಅಂಚನ್ನು ದೂರುತ್ತಿದ್ದರು.

ಗುಬ್ಬಿಯಿಂದ

ನಾನು ಟೈರಿನ ವ್ಯಾಪಾರದಲ್ಲಿರುವವನು. ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಮೊದಲನೆಯದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚು ಜನ ಮೋಸಹೋಗುವುದು ಅಲ್ಲಿಯೇ.

6.00-16 ಎಂಬುದು ಅಳತೆಯ ಹೆಸರು ಮಾತ್ರ. ಟೈರಿನ ಅಗಲ ಸುಮಾರು 6 ಇಂಚು, ರಿಮ್ಮಿನ ವ್ಯಾಸ 16 ಇಂಚು ಎಂಬುದನ್ನು ಬಿಟ್ಟರೆ ಅದು ಬೇರೇನನ್ನೂ ಹೇಳುವುದಿಲ್ಲ. ಅದೇ ಅಳತೆಯಲ್ಲಿ ಟ್ರ್ಯಾಕ್ಟರಿನ ಮುಂದಿನ ಚಕ್ರದ ಟೈರೂ ಬರುತ್ತದೆ, ಜೀಪಿನ ಟೈರೂ ಬರುತ್ತದೆ. ಹಳ್ಳಿಗಾಡಿನ ಅಂಗಡಿಗಳಲ್ಲಿ ಮೊದಲನೆಯದೇ ಹೆಚ್ಚು ಮಾರಾಟವಾಗುವುದರಿಂದ, 6.00-16 ಕೊಡಿ ಎಂದರೆ ಕೈಗೆ ಬರುವುದು ಅದೇ. ಗುರುತಿಸುವುದು ಸುಲಭ. ನೆಲಕ್ಕೆ ತಾಗುವ ಭಾಗದಲ್ಲಿ ಸುತ್ತಲೂ ಓಡುವ ಎತ್ತರದ ಮೂರು ಏಣುಗಳಿರುತ್ತವೆ, ನಡುವಿನದು ಎಲ್ಲಕ್ಕಿಂತ ಎತ್ತರ. ಉಳುವ ಮಣ್ಣಿನಲ್ಲಿ ಟ್ರ್ಯಾಕ್ಟರು ಹೇಳಿದ ಕಡೆಗೆ ತಿರುಗಲೆಂದು ಮಾಡಿದ ವಿನ್ಯಾಸ ಅದು. ಗೋಡೆಯ ಮೇಲೆ ಎಫ್-2 ಎಂದೋ ಟ್ರ್ಯಾಕ್ಟರ್ ಫ್ರಂಟ್ ಎಂದೋ ಬರೆದಿರುತ್ತದೆ. ವೇಗದ ಗುರುತು ಎ6 ಎಂದಿದ್ದರೆ ಗಂಟೆಗೆ 30 ಕಿಲೋಮೀಟರ್, ಎ8 ಎಂದಿದ್ದರೆ 40. ಅದು ಕೆಟ್ಟ ಟೈರಲ್ಲ, ಹೊಲದಲ್ಲಿ ಅದಕ್ಕೆ ಸಮನಾದುದಿಲ್ಲ. ಆದರೆ ಅದನ್ನು ರಾಷ್ಟ್ರೀಯ ಹೆದ್ದಾರಿ 48ರಲ್ಲಿ 60ರ ವೇಗದಲ್ಲಿ ಒಂದು ಗಂಟೆ ಓಡಿಸಿದರೆ, ದಪ್ಪ ಏಣುಗಳಲ್ಲಿ ಹುಟ್ಟಿದ ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೂಡಿಕೊಳ್ಳುತ್ತದೆ. ಟೈರನ್ನು ಕೊಲ್ಲುವುದು ಆ ಬಿಸಿ. ಭಾರ ಹೆಚ್ಚಾದರೂ, ಗಾಳಿ ಕಡಿಮೆಯಾದರೂ, ವೇಗ ಮೀರಿದರೂ ಕೊನೆಗೆ ಎಲ್ಲವೂ ಬಿಸಿಯಾಗಿಯೇ ಬಂದು ಸೇರುತ್ತವೆ.

ನಿಮಗೆ ಬೇಕಾದದ್ದು ಜೀಪಿನ ಅಥವಾ ಹಗುರ ವಾಣಿಜ್ಯ ವಾಹನದ 6.00-16. ಅದರ ಗೋಡೆಯ ಮೇಲೆ ನಾಲ್ಕು ವಿಷಯಗಳನ್ನು ನೀವೇ ಬೆರಳಿಟ್ಟು ಓದಬೇಕು. ಪ್ಲೈ ರೇಟಿಂಗ್ 6 ಅಥವಾ 8 ಇರಲಿ. ಇದು ಒಳಗೆ ಅಷ್ಟು ಪದರಗಳಿವೆ ಎಂಬ ಲೆಕ್ಕವಲ್ಲ, ಅಷ್ಟು ಹತ್ತಿಯ ಪದರಗಳಿಗೆ ಸಮನಾದ ಬಲ ಎಂಬ ಹಳೆಯ ಕಾಲದ ಮಾತು ಹಾಗೆಯೇ ಉಳಿದುಬಂದಿದೆ. ಹೊರುವ ಭಾರವನ್ನು ಕಿಲೋದಲ್ಲಿಯೋ ಸೂಚ್ಯಂಕದಲ್ಲಿಯೋ ಕೊಟ್ಟಿರುತ್ತಾರೆ. 82 ಎಂದರೆ 475 ಕಿಲೋ, 88 ಎಂದರೆ 560. ನಿಮ್ಮ 275 ಕಿಲೋಗೆ ಇವೆರಡೂ ಧಾರಾಳ. ವೇಗದ ಅಕ್ಷರ ಜೆ ಎಂದರೆ 100 ಕಿಲೋಮೀಟರ್, ಕೆ ಎಂದರೆ 110, ಎಲ್ ಎಂದರೆ 120. ಕೊನೆಯದು ಐಎಸ್‌ಐ ಮುದ್ರೆ. ವಾಣಿಜ್ಯ ವಾಹನದ ಟೈರುಗಳಿಗೆ ಅದರ ಜೊತೆ ಐಎಸ್ 15636 ಎಂಬ ಸಂಖ್ಯೆ ಇರುತ್ತದೆ. ತಾರೀಕಿನ ನಾಲ್ಕು ಅಂಕಿಗಳನ್ನು ಹೇಗೂ ನೋಡುತ್ತೀರಿ. ಹೆಚ್ಚು ಓಡದ ಅಳತೆಯಾದ್ದರಿಂದ ಗೋದಾಮಿನಲ್ಲಿ ಮೂರು ನಾಲ್ಕು ವರ್ಷ ಮಲಗಿದ ಮಾಲೂ ಹೊಸದೆಂದು ಬರುತ್ತದೆ. ಒಂದು ವರ್ಷದೊಳಗಿನದನ್ನು ತರಿಸಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಮಾತು. ಟೈರು 475 ಕಿಲೋ ಹೊರುತ್ತದೆ ಎಂದು ಗಾಡಿಗೆ ಇನ್ನಷ್ಟು ತುಂಬಬೇಡಿ. ಜೀಪ್ ಟ್ರೇಲರನ್ನು ಕಾಲು ಟನ್ನಿನ ಗಾಡಿ ಎನ್ನುತ್ತಾರೆ, ಅಂದರೆ 500 ಪೌಂಡು, ಸುಮಾರು 227 ಕಿಲೋ ಸರಕು. ತಗಡಿನ ಮನೆಯೇ ಅದರಲ್ಲಿ ಬಹುಪಾಲನ್ನು ತಿಂದಿರುತ್ತದೆ. ಟೈರು ತಡೆದರೂ ಅಚ್ಚು, ಬೇರಿಂಗು ತಡೆಯಬೇಕಲ್ಲ.

ಕುಣಿಗಲ್‌ನಿಂದ

ಬೊಲೆರೊ ಚಕ್ರದ ಸಲಹೆಯನ್ನು ನಾನೂ ಕೊಡುವವನಿದ್ದೆ, ಏಕೆಂದರೆ ನನ್ನ ಟ್ರೇಲರ್‌ಗೆ ನಾನು ಮಾಡಿಸಿರುವುದು ಅದೇ. ಹಳೆಯ ಜೀಪಿನ ಹಬ್ಬಿನಲ್ಲಿ, ಅಂದರೆ ಚಕ್ರ ಕೂರುವ ನಡುಭಾಗದಲ್ಲಿ, ಐದು ಬೋಲ್ಟುಗಳು 139.7 ಮಿಲಿಮೀಟರ್ ವೃತ್ತದಲ್ಲಿರುತ್ತವೆ, ಬೊಲೆರೊದಲ್ಲಿಯೂ ಅದೇ ಅಳತೆ. ಟೈರು 215/75 ಆರ್ 15, ಅಂದರೆ 15 ಇಂಚಿನ ರಿಮ್ಮಿಗೆ ಬರುವ ರೇಡಿಯಲ್. ಟ್ಯೂಬ್‌ಲೆಸ್ ಆದ್ದರಿಂದ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಟ್ಯೂಬಿನಂತೆ ಒಮ್ಮೆಗೇ ಕೂರುವುದಿಲ್ಲ. ಯಾವ ಊರಿನಲ್ಲಿ ಕೇಳಿದರೂ ಸಿಗುತ್ತದೆ. ಭಾರದ ಸೂಚ್ಯಂಕ 100 ಇರುವುದನ್ನು ಕೊಂಡರೆ 800 ಕಿಲೋ. ಕಾರಿನ ದರ್ಜೆಯ ಟೈರನ್ನು ಟ್ರೇಲರ್‌ಗೆ ಹಾಕುವಾಗ ಅಮೆರಿಕದಲ್ಲಿ ಆ ಅಂಕಿಯನ್ನು 1.1ರಿಂದ ಭಾಗಿಸುತ್ತಾರೆ. ಹಾಗೆ ನೋಡಿದರೂ 727 ಕಿಲೋ ಉಳಿಯುತ್ತದೆ.

ಆದರೆ ಅರ್ಧ ಕೆಲಸ ಮಾಡಬಾರದು. ಹಳೆಯ 16 ಇಂಚಿನ ರಿಮ್ಮು ನಾಲ್ಕೂವರೆ ಇಂಚು ಮಾತ್ರ ಅಗಲ. ಟೈರಿನ ಅಂಚನ್ನು ಹಿಡಿದಿಡುವ ದಿಬ್ಬ ಅದರಲ್ಲಿ ಇಲ್ಲದ್ದರಿಂದ ಟ್ಯೂಬ್‌ಲೆಸ್ ಟೈರು ಅದಕ್ಕೆ ಸಲ್ಲದು. ರಿಮ್ಮೂ ಟೈರೂ ಒಟ್ಟಿಗೇ ಬದಲಾಗಬೇಕು. ನಡುವಿನ ರಂಧ್ರ ನಿಮ್ಮ ಹಬ್ಬಿನ ಮೇಲೆ ಕೂರುತ್ತದೆಯೇ, ಚಕ್ರ ಒಳಗಡೆ ಸ್ಪ್ರಿಂಗಿಗೆ ತಾಗುತ್ತದೆಯೇ ಎಂದು ಕೂರಿಸಿ ತಿರುಗಿಸಿಯೇ ನೋಡಬೇಕು. ಇನ್ನು ಎತ್ತರ. ಈ ಟೈರಿನ ವ್ಯಾಸ 703 ಮಿಲಿಮೀಟರ್, 6.00-16ರದು ಸುಮಾರು 725. ಗಾಡಿ ಒಂದು ಸೆಂಟಿಮೀಟರಿನಷ್ಟು ತಗ್ಗುತ್ತದೆ, ಅದೇನೂ ತೊಂದರೆಯಲ್ಲ. ಸ್ಟೆಪ್ನಿಯನ್ನೂ ಅದೇ ಅಳತೆಗೆ ಬದಲಾಯಿಸದೆ ಬಿಡಬೇಡಿ. ಒಂದೇ ಅಚ್ಚಿನಲ್ಲಿ ಒಂದು ಕಡೆ ದಾರದ ಪದರಗಳು ಓರೆಯಾಗಿರುವ ನೈಲಾನ್, ಇನ್ನೊಂದು ಕಡೆ ಅವು ಅಡ್ಡಲಾಗಿ ನೇರವಾಗಿರುವ ರೇಡಿಯಲ್ ಹಾಕಿಕೊಂಡು ಒಂದು ಮೈಲಿಯೂ ಓಡಿಸಬಾರದು. ಎರಡೂ ಬೇರೆ ಬೇರೆ ಬಗೆಯಲ್ಲಿ ಮಣಿಯುವುದರಿಂದ ಗಾಡಿ ಓರೆಯಾಗಿ ಎಳೆಯುತ್ತದೆ.

ಅಮೆರಿಕದ ಎಸ್‌ಟಿ ಟೈರಿನ ವಿಷಯವೂ ಇದೆ. ಅಲ್ಲಿನ ಟ್ರೇಲರ್‌ಗಳಿಗೆ ಅದು ಒಳ್ಳೆಯದೇ. ಗೋಡೆ ಬಿಗಿಯಾಗಿರುತ್ತದೆ, ಆದ್ದರಿಂದ ಎತ್ತರದ ಗಾಡಿ ತೂಗಾಡುವುದಿಲ್ಲ. ಬೇರೆ ಗುರುತಿಲ್ಲದಿದ್ದರೆ ಅದರ ವೇಗದ ಮಿತಿ ಗಂಟೆಗೆ 65 ಮೈಲಿ, ಅಂದರೆ 105 ಕಿಲೋಮೀಟರ್. ಆದರೆ ಅದನ್ನು ಸಮುದ್ರ ದಾಟಿಸಿ ತಂದು, ಶಿರಾದ ಆಚೆ ಎಲ್ಲೋ ಒಂದು ಪಂಕ್ಚರ್ ಆದಾಗ ಜೋಡಿಗೆ ಇನ್ನೊಂದು ಸಿಗದೆ ನಿಂತರೆ ಏನು ಗತಿ? ಐನೂರು ಕಿಲೋದ ಗಾಡಿಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಎರಡೂ ದಾರಿಗಳು ಸರಿಯೆಂದು ತೋರುತ್ತಿದೆ. ಬೊಲೆರೊ ಚಕ್ರದ ಅನುಕೂಲಗಳನ್ನು ಒಪ್ಪುತ್ತೇನೆ. ಆದರೆ ನಮ್ಮ ಜೀಪಿನಲ್ಲಿಯೂ ಇರುವುದು 6.00-16, ಎರಡು ಗಾಡಿಗೂ ಒಂದೇ ಸ್ಟೆಪ್ನಿ ಸಾಲುತ್ತದೆ ಎಂಬ ಕಾರಣಕ್ಕೇ ತಂದೆಯವರು ಆ ಟ್ರೇಲರನ್ನು ಆರಿಸಿದ್ದರು. ರಿಮ್ಮುಗಳ ಮೇಲೆ ಅವರು ಕೈಯಾರೆ ಬಳಿದ ಹಸಿರು ಬಣ್ಣ ಇನ್ನೂ ಇದೆ. ಆದ್ದರಿಂದ 6.00-16ರಲ್ಲಿಯೇ ಉಳಿಯುತ್ತೇನೆ, ಜೀಪಿನ ದರ್ಜೆಯದು, 8 ಪ್ಲೈ. ಗಾಳಿ ಎಷ್ಟು ಹಿಡಿಸಬೇಕು?

ಗುಬ್ಬಿಯಿಂದ

ಒಳ್ಳೆಯ ಕಾರಣ. ನೀವು ಕೊಳ್ಳುವ ಟೈರಿನ ತಯಾರಕರು ಭಾರಕ್ಕೆ ತಕ್ಕ ಗಾಳಿಯ ಕೋಷ್ಟಕವೊಂದನ್ನು ಕೊಟ್ಟಿರುತ್ತಾರೆ, ಅಂಗಡಿಯವರನ್ನು ಕೇಳಿ. ಅದರಲ್ಲಿ 275 ಕಿಲೋಗೆ ಬರುವ ಅಂಕಿಗಿಂತ ಐದಾರು ಪೌಂಡು (ಪಿಎಸ್‌ಐ) ಹೆಚ್ಚು ಹಿಡಿಸಿ, ಗೋಡೆಯ ಮೇಲೆ ಬರೆದ ಗರಿಷ್ಠವನ್ನು ಮೀರಬೇಡಿ. ಭಾರದ ಗಾಡಿಯಾಗಿದ್ದರೆ ಗರಿಷ್ಠಕ್ಕೇ ಹಿಡಿಸಿ ಎನ್ನುತ್ತಿದ್ದೆ. ಇಷ್ಟು ಹಗುರದ ಗಾಡಿಗೆ ಗರಿಷ್ಠ ಹಿಡಿಸಿದರೆ ಹಂಪಿನ ಮೇಲೆ ಚೆಂಡಿನಂತೆ ಪುಟಿದು ಒಳಗಿನ ಪಾತ್ರೆಗಳೆಲ್ಲ ನೆಲಕ್ಕೆ ಬೀಳುತ್ತವೆ. ಎಡಕ್ಕೂ ಬಲಕ್ಕೂ ಒಂದೇ ಅಂಕಿ ಇರಲಿ. ಅಳೆಯುವುದು ಬೆಳಗಿನ ತಂಪಿನಲ್ಲಿ, ಚಕ್ರ ಉರುಳುವ ಮೊದಲು. ಗಾಳಿಯ ಬಿಸಿ ಐದಾರು ಡಿಗ್ರಿ ಏರಿದರೆ ಒಂದು ಪೌಂಡು ಏರುತ್ತದೆ. ಮಧ್ಯಾಹ್ನ ಮೂರು ನಾಲ್ಕು ಪೌಂಡು ಹೆಚ್ಚು ತೋರಿಸಿತೆಂದು ದಾರಿಯಲ್ಲಿ ಗಾಳಿ ಬಿಡುವವರಿದ್ದಾರೆ, ಆ ತಪ್ಪು ಮಾಡಬೇಡಿ.

ಟ್ಯೂಬುಗಳೂ ಹೊಸವೇ ಬೇಕು. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಕೆ ಬಿದ್ದು, ಆ ಮಡಿಕೆಯಲ್ಲೇ ಹರಿಯುತ್ತದೆ. ರಿಮ್ಮಿನ ಒಳಮೈಯ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಣ್ಣ ಬಳಿದು, ಒಣಗಿದ ಮೇಲೆಯೇ ಟೈರು ಏರಿಸಲಿ.

ಮಧುಗಿರಿಯಿಂದ

ಹಳೆಯ ಜೀಪಿನ ಹಬ್ಬುಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳು ಬಹಳ ಸಲ ಉಲ್ಟಾ ಥ್ರೆಡ್ಡಿನವು. ಬೋಲ್ಟಿನ ತುದಿಯಲ್ಲಿ ಎಲ್ ಎಂಬ ಅಕ್ಷರ ಕೆತ್ತಿರುತ್ತದೆ, ಮಸಿ ಒರೆಸಿ ನೋಡಿ. ಇದು ಗೊತ್ತಿಲ್ಲದ ಹುಡುಗರು ಬಿಚ್ಚುತ್ತೇವೆಂದು ಪೈಪು ಹಾಕಿ ಬಿಗಿದು ಬೋಲ್ಟನ್ನೇ ಮುರಿಯುತ್ತಾರೆ. ಚಕ್ರ ಬಿಚ್ಚಿದಾಗಲೇ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿಸಿ, ಇಲ್ಲವಾದರೆ ಆ ಬಿಸಿಯೂ ಟೈರಿಗೇ ಬರುತ್ತದೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ಪಾವಗಡದಿಂದ

ರಿಸೋಲ್ ಬಗ್ಗೆ ನಾನು ಹೇಳಿದ್ದು ಈ ಟೈರಿಗೆ ಹೊಂದುವುದಿಲ್ಲವೆಂದು ಒಪ್ಪುತ್ತೇನೆ. ನಮ್ಮ ಬಿಸಿಲು ಕಂಡವನಾಗಿ ಒಂದು ಮಾತು: ಗಾಡಿ ನಿಂತಿರುವ ತಿಂಗಳುಗಳಲ್ಲಿ ಅಚ್ಚಿನ ಕೆಳಗೆ ಕಲ್ಲುಗಂಬವನ್ನೋ ಜಾಕನ್ನೋ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿಡಿ, ಗೋಣಿತಾಟಿನಿಂದ ಮುಚ್ಚಿಡಿ. ಕಪ್ಪಗೆ ಮಿನುಗಲೆಂದು ಸೀಮೆಎಣ್ಣೆ, ಡೀಸೆಲ್ ಒರೆಸುವ ಅಭ್ಯಾಸ ನಮ್ಮಲ್ಲಿ ಇದೆ, ಅದು ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಬರಿಯ ನೀರು ಸಾಕು.

ಪ್ರಶ್ನೆ ಕೇಳಿದವರು

ಕೆಲಸ ಮುಗಿಯಿತು. ಮೊದಲು ತೋರಿಸಿದ ಟೈರುಗಳಲ್ಲಿ ಒಂದು ಎರಡೂವರೆ ವರ್ಷ ಹಳೆಯದಾಗಿತ್ತು. ಬೇಡವೆಂದೆ, ಎಂಟು ದಿನ ಕಾಯಿಸಿ ಒಂದೇ ವಾರದಲ್ಲಿ ತಯಾರಾದ ಜೋಡಿಯನ್ನು ತರಿಸಿಕೊಟ್ಟರು. ಎಡಗಡೆಯ ಬೋಲ್ಟುಗಳ ಮೇಲೆ ಎಲ್ ಅಕ್ಷರ ಇತ್ತು. ಆ ಮಾತು ಇಲ್ಲಿ ಓದಿರದಿದ್ದರೆ ಖಂಡಿತ ಮುರಿಯುತ್ತಿದ್ದೆವು. ನೀರಿನ ಡ್ರಮ್ಮನ್ನು ಬಲಗಡೆಗೆ ಸರಿಸಿ, ಪಾತ್ರೆಯ ಪೆಟ್ಟಿಗೆಯನ್ನು ನಡುವೆ, ಅಚ್ಚಿನ ಮೇಲಕ್ಕೆ ಬರುವಂತೆ ಇಟ್ಟು ಮತ್ತೆ ತೂಗಿಸಿದಾಗ ಎಡ 240, ಬಲ 250 ಬಂತು.

ಭಾನುವಾರ ನಾಮದ ಚಿಲುಮೆಯ ದಾರಿಯಾಗಿ ದೇವರಾಯನದುರ್ಗದ ಬುಡದವರೆಗೆ ಓಡಿಸಿದೆ. ಹತ್ತು ಕಿಲೋಮೀಟರಿಗೊಮ್ಮೆ ಇಳಿದು ಅಂಗೈಯನ್ನು ಮೊದಲು ಹಬ್ಬಿನ ಹತ್ತಿರ ಹಿಡಿದು, ಆಮೇಲೆ ಟೈರಿನ ಗೋಡೆಯನ್ನು ಮುಟ್ಟಿ ನೋಡಿದೆ. ಎರಡೂ ಕಡೆ ಒಂದೇ ಸಮನೆ ಬೆಚ್ಚಗಿತ್ತು, ಕೈ ಇಟ್ಟುಕೊಂಡಿರುವಷ್ಟು. ತಾಯಿಯವರು ಜೀಪಿನ ಕನ್ನಡಿಯಲ್ಲಿ ಹಿಂದಿನ ಗಾಡಿಯನ್ನೇ ನೋಡುತ್ತಾ ಕುಳಿತಿದ್ದರು. ಮನೆಗೆ ಬಂದು ನಟ್ಟುಗಳನ್ನು ಮತ್ತೆ ಬಿಗಿದಾಗ ಬಲಗಡೆಯ ಒಂದು ನಟ್ಟು ಕಾಲು ಸುತ್ತು ಹಿಡಿಯಿತು.